ಎರಡೇ ಮಸಿ

ನನ್ನ ಡಬ್ಬಿಯಲ್ಲಿ ಇರುವುದು ಎರಡೇ ಮಸಿ.
ಪಾರ್‌ಗಿಂತ ಕಡಿಮೆ ಹೊಡೆದರೆ ಕೆಂಪು,
ಹೆಚ್ಚಾದರೆ ಕಪ್ಪು, ಸಮವಾದರೂ ಕಪ್ಪೇ.
ವರ್ಷವಿಡೀ ಕೌಂಟಿ ಕಚೇರಿಯಲ್ಲಿ ಕೂತು
ಕಂದಾಯ ಕಟ್ಟದವರ ಪಟ್ಟಿ ಬರೆಯುವ ಕೈ ಇದು;
ಅಲ್ಲಿ ಕೆಂಪೆಂದರೆ ಬಾಕಿ, ನೋಟಿಸು, ಮುಖ ತಿರುಗಿಸುವ ನೆರೆಯವರು.
ಜೂನಿನ ಮೂರು ದಿನ ಮಾತ್ರ
ಕ್ಲಬ್ಬಿನ ಹಲಗೆಯೆದುರು ಏಣಿ ಹತ್ತಿ
ಕೆಂಪನ್ನು ಮೊದಲಿನಿಂದ ಕಲಿಯಬೇಕು.

ದೊಡ್ಡ ಟೂರ್ ಅಲ್ಲ ಇದು. ಟಿವಿ ಇಲ್ಲ, ಹಗ್ಗ ಕಟ್ಟಿಲ್ಲ.
ನೋಡಲು ಬಂದವರು ಹದಿನೇಳು, ನಾಯಿಯೂ ಸೇರಿ.
ಮೆಕ್ಕೆಜೋಳದ ಹೊಲ ದಾಟಿ ಬರುವ ಡಕೋಟಾ ಗಾಳಿ
ಎಲ್ಲರ ಚೆಂಡಿಗೂ ಒಂದೊಂದು ಮಾತು ಹೇಳುತ್ತದೆ.
ಎಂಟುನೂರು ಡಾಲರ್ ಕಟ್ಟಿ ಆಡುತ್ತಾರೆ ಹುಡುಗರು,
ಅವರದೇ ದುಡ್ಡು ಅವರಿಗೇ ಬಹುಮಾನ:
ಎಲ್ಲರೂ ಹಾಕಿದ ಚೀಟಿಯನ್ನು ಮೂವರು ಎತ್ತಿಕೊಂಡ ಹಾಗೆ.
ಉಳಿದವರು ಮುಂದಿನ ವಾರದ ಊರು ಕೇಳಿ
ಡಿಕ್ಕಿ ಮುಚ್ಚುತ್ತಾರೆ.

ಗ್ರೇಡಿ ಸ್ಕೋಗ್ಲಂಡ್. ಕಾಗದದ ಪಟ್ಟಿಗೆ ಹಿಡಿಸದ ಹೆಸರು.
ಆರು ವರ್ಷದಿಂದ ಅಕ್ಷರ ಒತ್ತಿ ಒತ್ತಿ ಬರೆದಿದ್ದೇನೆ.
ಮೊದಲ ವರ್ಷ ಅವನ ಚೀಲ ಹೊತ್ತವಳು ಒಬ್ಬ ಹುಡುಗಿ,
ಆಮೇಲೆ ಅವನ ಅಣ್ಣ,
ಈಗ ಒಂದು ಚಕ್ರ ಕಿರುಗುಡುವ ತಳ್ಳುಗಾಡಿ.
ಮೊದಲ ದಿನ ಎಪ್ಪತ್ತೊಂದು. ಕೆಂಪು.
ಎರಡನೆಯ ದಿನ ಏಳು ಐವತ್ತಕ್ಕೆ ಅವನ ಸರದಿ,
ಹೆಸರು ಕೂಗಿದರು. ಗಾಳಿ ಓಗೊಟ್ಟಿತು.
ಏಳು ಐವತ್ತನಾಲ್ಕಕ್ಕೆ ಬಂದ,
ಹೆದ್ದಾರಿಯ ಅಂಚಿನಲ್ಲಿ ಮೂರು ಮೈಲಿ
ಚೀಲ ಹೆಗಲಿಗೇರಿಸಿ, ಅರ್ಧ ಓಡಿ, ಅರ್ಧ ನಡೆದು,
ಮೋಟೆಲಿನ ಅಂಗಳದಲ್ಲಿ ಏಳದ ಕಾರನ್ನು ಬಿಟ್ಟು.

ಐದು ನಿಮಿಷದೊಳಗೆ ಬಂದರೆ ಆಡಬಹುದು,
ತಲೆಯ ಮೇಲೆ ಎರಡು ಹೊಡೆತ ದಂಡ.
ಬೆವರು ಒರೆಸದೆ ಹೊಡೆದ. ನಾನು ಏಣಿಯ ಮೇಲಿಂದ ಕಂಡೆ.
ಮೂರಕ್ಕೆ ಮುಗಿಸಿದ ಮೊದಲ ಗುಂಡಿ,
ನಾಲ್ಕರದು ಅದು, ಸುಲಭದ್ದಲ್ಲ.
ಮೂರಕ್ಕೆ ಎರಡು ಸೇರಿಸಿ ಐದು ಬರೆದೆ,
ಕಪ್ಪಿನಲ್ಲಿ.

ಸಂಜೆಗೆ ನೂರನಲವತ್ತಕ್ಕೆ ಗೆರೆ ಎಳೆದರು.
ಅವನದು ನೂರನಲವತ್ತೊಂದು.
ಹಲಗೆಯ ಬುಡದಲ್ಲಿ ನಿಂತು ಸೂರ್ಯಕಾಂತಿ ಬೀಜ ಅಗಿಯುತ್ತ ಕೇಳಿದ:
'ಆ ಎರಡು ನಾನು ಹೊಡೆದದ್ದಲ್ಲ, ಲವಾನ್, ಕಾರು ಹೊಡೆದದ್ದು.
ಅದಕ್ಕೆ ಬೇರೆ ಬಣ್ಣ ಇಲ್ಲವಾ?'
'ಇರುವುದು ಎರಡೇ' ಅಂದೆ.
ನಕ್ಕ. ಸಿಪ್ಪೆ ಉಗಿದ.
ಹಣೆಬರಹ ಬರೆಯುವವಳಲ್ಲ ನಾನು,
ಬರಿದೆ ಅಂಕೆ ಬರೆಯುವವಳು, ಗಂಟೆಗೆ ಹನ್ನೆರಡು ಡಾಲರಿಗೆ.

ಸ್ಟಾರ್ಟರಿಗೆ ಮುನ್ನೂರ ಹತ್ತು. ಗ್ಯಾರೇಜಿನ ವರ್ಲಿನ್
ನಾಳೆ ಮಧ್ಯಾಹ್ನ ಅಂದಿದ್ದ.
ಹಾಗಾಗಿ ಮೂರನೆಯ ದಿನವೂ ಮೈದಾನದಲ್ಲಿ ಇದ್ದ ಗ್ರೇಡಿ,
ಚಿಲಿ ದೇಶದ ಹುಡುಗನೊಬ್ಬನ ಚೀಲ ಹೊತ್ತು, ಎಂಬತ್ತು ಡಾಲರಿಗೆ.
ಗೆರೆ ಅವನಾಚೆ, ಇವನೀಚೆ.
ಹದಿನೆಂಟರಲ್ಲಿ ಬಾವುಟ ಕಿತ್ತು ಎದೆಗಾನಿಸಿ ನಿಂತಾಗ
ಬಟ್ಟೆ ಪಟಪಟ ಬಡಿಯದಂತೆ ಮುಷ್ಟಿಯಲ್ಲಿ ಹಿಡಿದಿದ್ದ.
ಹುಡುಗನ ಚೆಂಡು ಹೋಗುವ ದಾರಿಯನ್ನು
ತನ್ನದೇ ಎಂಬಂತೆ ನೋಡಿದ.
ಹೋಯಿತು ಒಳಗೆ.
ಬರೆದೆ: ಮೂರು, ಕೆಂಪು.

ಎಲ್ಲರೂ ಹೋದ ಮೇಲೆ ಪಟ್ಟಿಗಳನ್ನು ಕಿತ್ತು ಹಾಕುವುದು ನನ್ನ ಕೆಲಸ.
ಕಿತ್ತು ಹಾಕುವುದಕ್ಕೆ ಮುಂಚೆ
ಏಕೋ ಕೆಂಪು ಮಸಿ ತೆಗೆದೆ.
ಅವನ ಐದರ ಹೊಟ್ಟೆಯೊಳಗೆ
ಒಂದು ಚುಕ್ಕೆ ಇಟ್ಟೆ, ಎಳ್ಳಿನಷ್ಟು.
ರಸ್ತೆಯಲ್ಲಿ ಒಂದು ಕಾರು ಕೆಮ್ಮಿ ಕೆಮ್ಮಿ ಹೊತ್ತಿಕೊಂಡು
ಉತ್ತರಕ್ಕೆ ತಿರುಗಿತು,
ಮೈನಾಟ್ ಕಡೆಗೆ, ಅಲ್ಲಿ ಸೋಮವಾರ ಎಂಟುನೂರು.
ಅವನದೇ ಇರಬೇಕು.
ಮಸಿ ಒಣಗಿರಲಿಲ್ಲ. ಮುಟ್ಟಿ ನೋಡಿದೆ,
ಬೆರಳಿಗೆ ಹತ್ತಿತು.