ಒಂದು ಮಗ್ಗಿಗೆ ಒಂಬತ್ತು

ರಾತ್ರಿ ಎರಡಕ್ಕೆ ಹೊಳೆ ಬಣ್ಣ ಬದಲಿಸಿತು.
ರಾಜನಹಳ್ಳಿಯಿಂದ ಫೋನು: "ಮೇಡಂ, ಚಾ ಬರ್ತಾ ಐತಿ, ಚಾ."
ಸಂಜೆ ನಲವತ್ತಿದ್ದ ರಾಡಿಯ ಅಂಕಿ
ಮುನ್ನೂರು ದಾಟಿಯೂ ನಿಲ್ಲಲೊಲ್ಲದು.

ಆರು ಗಾಜಿನ ಜಾಡಿ ಸಾಲಿಗಿಟ್ಟೆ.
ಮೂವತ್ತು, ಮೂವತ್ತಾರು, ನಲವತ್ತೆರಡು,
ಹೀಗೆ ಅರವತ್ತರ ತನಕ ಆಲಂ.
ಮೊದಲು ಜೋರು ತಿರುವಬೇಕು, ಆಮೇಲೆ
ಪಾಯಸಕ್ಕೆ ಸೌಟಾಡಿಸಿದ ಹಾಗೆ, ತಳ ಹತ್ತದಷ್ಟು.
ನಾಲ್ಕನೆಯದು ಮೊದಲು ಹೂ ಬಿಟ್ಟಿತು,
ನೆನೆದ ಅವಲಕ್ಕಿಯಂಥವು, ತೂಕವಾಗಿ ಕೆಳಗಿಳಿದವು.
ಆರನೆಯದು ಮತ್ತೆ ಮಬ್ಬು.
ಹೆಚ್ಚು ಕೊಟ್ಟರೂ ಕದಡುತ್ತದೆ ನೀರು:
ಇದು ಪುಸ್ತಕದ ಮಾತಲ್ಲ, ಶಫೀವುಲ್ಲಾ ಸಾಬರದು.

ಸೇರಿದ ದಿನ ಕೇಳಿದ್ದೆ, ಡೋಸು ಅಂದ್ರೆ ಏನ್ ಸಾರ್?
"ಈ ಊರಾಗೆ ಹಂಗ್ ಕೇಳಬ್ಯಾಡವ್ವ, ಬೆಣ್ಣೆ ಹಚ್ಚಿ ಕೊಡ್ತಾರೆ" ಎಂದು ನಕ್ಕು
ಪಂಪಿನ ಕರಿ ಬೆನ್ನ ಮೇಲೆ ಸೀಮೆಸುಣ್ಣದಲ್ಲಿ ಬರೆದರು:
ಎಂಎಲ್‌ಡಿ ಗುಣಿಸು ಮಿಲಿಗ್ರಾಂ, ಬಂದದ್ದು ಕಿಲೋ.
ಅಷ್ಟೇ. ಉಳಿದದ್ದು ಕಣ್ಣು.

ಇಪ್ಪತ್ತು ನಲವತ್ತೆಂಟಲೆ ಒಂಬೈನೂರ ಅರವತ್ತು.
ತಾಸಿಗೆ ನಲವತ್ತು ಕಿಲೋ.
ಶೇಕಡಾ ಹತ್ತರ ದ್ರಾವಣ, ನಾನೂರು ಲೀಟರು.
ಲೀಟರ್ ಮಗ್ಗು ಹಿಡಿದು ವಾಲ್ವ್ ತಿರುಗಿಸುತ್ತ ಎಣಿಸಿದೆ.
ನಿನ್ನೆ ಹದಿನಾಲ್ಕಕ್ಕೆ ತುಂಬುತ್ತಿತ್ತು,
ಈಗ ಒಂಬತ್ತಕ್ಕೆ ತುಂಬಬೇಕು.
ಏಳು, ಎಂಟು...
ಇನ್ನೊಂದು ಎಳೆ ತಿರುವು.

ಸಾಬರ ಹಳೇ ಲಾಗ್ ಬುಕ್ಕಿನಲ್ಲಿ ಒಂದು ಹಾಳೆಯ ಕಿವಿ ಮಡಚಿದೆ.
೮೦೦ ಇರಬೇಕಾದಲ್ಲಿ ೮೦.
ಒಂದು ಸೊನ್ನೆ, ಮೂರು ತಾಸು.
ಊರಿಗೆ ಊರೇ ಕೆಂಪು ನೀರು ಹಿಡಿದಿಟ್ಟು
ಹೊಸ ನೀರು ಬಂತು ಅಂದುಕೊಂಡಿತು.
ಯಾರೂ ಬಯ್ಯಲಿಲ್ಲ.
ಅದಕ್ಕೇ ಮಡಚಿರಬೇಕು.

ಕ್ಲೋರಿನ್ನಿನ ಲೆಕ್ಕ ಬೇರೆ.
ಹುಳ ಸಾಯಲು ಎಷ್ಟು ಬೇಕು ಅಂದರೆ ಸಾಲದು,
ಕೊನೇ ನಲ್ಲಿಗೆ ಎಷ್ಟು ಉಳಿದೀತು, ಅದನ್ನೂ ಕೂಡಿಸಬೇಕು.
ಆ ಕೊನೇ ನಲ್ಲಿ ನಮ್ಮ ಓಣಿಯದು,
ಅದರ ಕೆಳಗೆ ನಮ್ಮವ್ವನ ಹಿತ್ತಾಳೆ ಕೊಡ.

ಆರಕ್ಕೆ ಅವಳ ಫೋನು:
"ನೀರು ಔಷಧಿ ನಾತ ಹೊಡಿತಾವಲ್ಲೇ, ಎಷ್ಟು ಹಾಕೀಯೇ?"
ಎರಡು, ಅಂದೆ.
"ಎರಡು ಏನು?"

ಹೇಳಿದರೆ ಅವಳು ಹನಿಯಲ್ಲಿ ಕೇಳುತ್ತಾಳೆ,
ನಾನು ಕಿಲೋದಲ್ಲಿ ಹೇಳುತ್ತೇನೆ. ಸುಮ್ಮನಾದೆ.
ದ್ರಾಕ್ಷಾಯಣಿ, ರಾತ್ರಿ ಪಾಳಿ, ಎಂದು ಸಹಿ ಹಾಕುವ ಮೊದಲು
೯೬೦ರ ಸೊನ್ನೆಯನ್ನು ಬೆರಳಿಟ್ಟು ಮುಟ್ಟಿ ನೋಡಿದೆ.
ಇತ್ತು.