ಖಾಲಿ ಐತೇನ್ರಿ?

ಸುಂಕಣ್ಣ ಸರ್ ಫೋನಿನಲ್ಲಿ ಕೇಳಿದ್ದು ಇಷ್ಟೇ:
ಸೋಮವಾರ ಹೊಸ ಸ್ಕ್ಯಾನ್ ಮಷೀನು ಬರತೈತಿ,
ಎರಡು ಪೋರ್ಟು ಬೇಕು, ಖಾಲಿ ಅದಾವೇನು
ನೋಡವಾ ಹುಲಿಗೆಮ್ಮ.

ರಾತ್ರಿ ಹನ್ನೊಂದು. ಬಳ್ಳಾರಿ ಗುಡ್ಡ
ಹಗಲು ಉಂಡ ಬಿಸಿಲನ್ನು ಇನ್ನೂ ತೇಗುತ್ತಿದೆ.
ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮಾತ್ರ ಚಳಿ;
ಸ್ವೆಟರ್ ಹಾಕಿಕೊಂಡೇ ಕೂರಬೇಕು.
ನಾಲ್ಕು ಪೆಟ್ಟಿಗೆ, ಒಂದೇ ಸಂಸಾರ.
ಊರಿನ ಮುರಿದ ಎಲುಬು, ಎದೆಗೂಡು,
ಇನ್ನೂ ಹೆಸರಿಡದ ಕೂಸುಗಳ ನೆರಳು,
ಎಲ್ಲ ಹಂಚಿಕೊಂಡು ಹೊತ್ತಿವೆ;
ಒಂದು ಮಲಗಿದರೆ ಇನ್ನೊಂದು ಎತ್ತಿಕೊಳ್ಳುತ್ತದೆ.

ಪೆಟ್ಟಿಗೆಗೆ ಆರಾರು ಬಾಯಿ, ಒಟ್ಟು ಇಪ್ಪತ್ನಾಲ್ಕು.
ಎಂಟು ತಮ್ಮತಮ್ಮಲ್ಲೇ ಪಿಸುಗುಟ್ಟಲು,
ಅವನ್ನು ಮುಟ್ಟಿದರೆ ಮನೆ ಒಡೆದಂತೆ.
ನಾಲ್ಕು ನನ್ನಂಥವರು ಕೈ ಹಾಕಲು.
ಇನ್ನೆಂಟು ಜೋಡಿಜೋಡಿಯಾಗಿ ವಾರ್ಡುಗಳಿಗೆ ದುಡಿಯುತ್ತವೆ.
ಉಳಿದದ್ದು ನಾಲ್ಕು.
ಪರದೆಯ ಪಟ್ಟಿ ಸುಳ್ಳು ಹೇಳುವುದಿಲ್ಲ,
ಆದರೆ ಕೇಳಿದಷ್ಟೇ ಹೇಳುತ್ತದೆ.
ಟಾರ್ಚು ಹಿಡಿದು ರ‍್ಯಾಕಿನ ಬೆನ್ನಿಗೆ ಹೋದೆ.

ಮೊದಲನೆಯದರ ಮುಚ್ಚಳ ಕಾರ್ಖಾನೆಯಲ್ಲಿ ತೊಡಿಸಿದ್ದು ಹಾಗೇ ಇದೆ.
ಬರೆದುಕೊಂಡೆ: ಖಾಲಿ.

ಎರಡನೆಯದು ಹಸಿರು ಕಣ್ಣು ಮಿಟುಕಿಸುತ್ತಿತ್ತು.
ವಿಳಾಸವಿಲ್ಲ, ಅದನ್ನು ಯಾರೂ ಏನೂ ಕೇಳುವುದಿಲ್ಲ.
ಹಳದಿ ವೈರು ಹಿಡಿದು ಬೆರಳಲ್ಲೇ ನಡೆದೆ:
ಗೋಡೆಯಾಚೆ ಒಂದು ಹಳೇ ಸ್ವಿಚ್ಚು, ಅಲ್ಲಿಂದ ಮುಂದೆ ಏನೂ ಇಲ್ಲ.
ವೈರಿನ ಕೊರಳಲ್ಲಿ ಚೀಟಿ,
ಎರ್ರಿಸ್ವಾಮಿಯ ದುಂಡನೆಯ ಅಕ್ಷರ: ತೆಗೀಬ್ಯಾಡ್ರಿ.
ಯಾಕೆ ಅಂತ ಬರೆದಿಲ್ಲ.
ಗುತ್ತಿಗೆ ಮುಗಿದು ಈಗ ಸಿರುಗುಪ್ಪದಲ್ಲಿ
ಪಂಪ್‌ಸೆಟ್ಟು ರಿಪೇರಿ ಮಾಡುತ್ತಾನಂತೆ.

ಮೂರನೆಯದು ಕತ್ತಲು. ವೈರಿಲ್ಲ.
ಖಾಲಿ ಎಂದು ಬರೆಯಲು ಪೆನ್ನು ಎತ್ತಿದವಳು
ಸುಮ್ಮನೆ ಒಮ್ಮೆ ಬೆರಳಾಡಿಸಿದೆ.
ಈ ಊರಲ್ಲಿ ಬಾಯಿ ತೆರೆದಿಟ್ಟ ಯಾವುದೂ
ಕೆಂಪಾಗದೆ ಉಳಿಯುವುದಿಲ್ಲ;
ಸಂಡೂರಿನ ಅದಿರು ಲಾರಿಯಿಂದ ಉದುರಿ
ಮೂರು ಬಾಗಿಲು, ಎರಡು ಫಿಲ್ಟರು ದಾಟಿ ಇಲ್ಲಿಗೂ ಇಳಿಯುತ್ತದೆ.
ಸುತ್ತಲಿನ ತಗಡೆಲ್ಲ ಕೆಂಪು.
ಆ ಬಾಯೊಳಗೆ ಮಾತ್ರ ತೊಳೆದಿಟ್ಟ ಬಟ್ಟಲಿನ ಹೊಳಪು.
ಯಾರೋ ಈಗಷ್ಟೇ ಎದ್ದುಹೋಗಿದ್ದಾರೆ.

ದಾಖಲೆ ತಿರುವಿದೆ: ಬಿದ್ದದ್ದು ಸಂಜೆ ನಾಲ್ಕೂ ಹತ್ತಕ್ಕೆ.
ರ‍್ಯಾಕಿನಡಿ ವೈರು ಸಿಕ್ಕಿತು,
ಹೆರಳಿನಂತೆ ಸುತ್ತಿ
ಜೀನ್ಸಿನ ನೀಲಿ ಚಿಂದಿಯಲ್ಲಿ ಗಂಟು ಹಾಕಿದ್ದು.
ಬೆಳಿಗ್ಗೆ ಜೀನ್ಸ್ ಯೂನಿಟ್ಟಿನಲ್ಲಿ ದಾರ ಕತ್ತರಿಸಿ
ಸಂಜೆ ಇಲ್ಲಿ ನೆಲ ಒರೆಸುವ ಮೌಲಾಬಿ.
ಕಾಲಿಗೆ ತೊಡರಿರಬೇಕು, ಬೈಯುತ್ತಾರೆಂದು
ಹೆದರಿದವಳು ಎಷ್ಟು ಚೆಂದ ಮಡಿಚಿಟ್ಟಿದ್ದಾಳೆ.
ಗಂಟು ಬಿಚ್ಚಿ ವೈರು ಸಿಕ್ಕಿಸಿದೆ. ಹಸಿರು.
ರಾತ್ರಿ ಒಂದಕ್ಕೆ ಇಲ್ಲಿಯ ನೆರಳುಗಳ ನಕಲು
ಕೊಪ್ಪಳಕ್ಕೆ ಹೊರಡುವ ದಾರಿ ಅದು.
ಚಿಂದಿಯನ್ನು ಜೇಬಿಗೆ ಹಾಕಿಕೊಂಡೆ.

ನಾಲ್ಕನೆಯದಕ್ಕೂ ವೈರುಂಟು, ಬೆಳಕುಂಟು, ಕೆಲಸವಿಲ್ಲ.
ಖುಷಿಯಾಗಿ ನಿಯಮ ಓದಿದರೆ,
ಪಕ್ಕದವ ಬಿದ್ದರೆ ಬಂದು ಕೂರಲಿ ಎಂದು ಕಾದಿರಿಸಿದ್ದು:
ಟವೆಲ್ ಹಾಕಿದ ಸೀಟು.

ಬಸ್‌ಸ್ಟ್ಯಾಂಡಿನಲ್ಲಿ ಅವ್ವ ಕೇಳಿದ್ದಳು, ಖಾಲಿ ಐತೇನ್ರಿ?
ಕಿಟಕಿ ಬದಿಯವರು ಟವೆಲ್ ಸರಿಪಡಿಸಿ, ಬರತಾರ, ಅಂದರು.
ಕುರುಗೋಡು ಬಂದರೂ ಯಾರೂ ಬರಲಿಲ್ಲ.
ಅವ್ವ ಕಂಬಿ ಹಿಡಿದೇ ನಿಂತಿದ್ದಳು,
ಕಂಕುಳಲ್ಲಿ ಜ್ವರದ ನನ್ನ ತಮ್ಮ.
ಅವತ್ತಿನಿಂದ ಟವೆಲ್ ಕಂಡರೆ ನನಗೆ ಸಿಟ್ಟು.
ಆದರೂ ಇದನ್ನು ಎತ್ತಲು ಕೈ ಬರಲಿಲ್ಲ.

ಸುಂಕಣ್ಣ ಸರ್‌ಗೆ ಮೆಸೇಜು ಹಾಕಿದೆ:
ಖಾಲಿ ಒಂದು. ಇನ್ನೊಂದನ್ನು ಎರ್ರಿಸ್ವಾಮಿಯನ್ನು ಕೇಳಿ ಹೇಳುತ್ತೇನೆ.
ಮೂರನೆಯದರ ಸಂಗತಿ ಬರೆಯಲಿಲ್ಲ.

ಒಂದು ಹೊಡೆಯುವವರೆಗೆ ಅಲ್ಲೇ ಕೂತಿದ್ದೆ.
ಮೂರನೆಯ ದೀಪ ಎರಡು ಸಲ ತಡವರಿಸಿ
ಆಮೇಲೆ ಎಣಿಸಲಾಗದಷ್ಟು ಬೇಗ ಮಿಟುಕತೊಡಗಿತು.