ಅಂಗಾಲಿಗೆ ಗೊತ್ತಿದ್ದದ್ದು

ಆ ರಿಪೇರಿಯನ್ನು ನಾನು ಕಣ್ಣಾರೆ ಕಂಡವಳಲ್ಲ.
ಕಾಲಾರೆ ಕಂಡವಳು,
ಹಾಗೊಂದು ಮಾತು ಇರುವುದಾದರೆ.

ಅಲವೆರ್ದಿಯಲ್ಲಿ, ಹಿಪ್ಪುನೇರಳೆ ಮರದ ಕೆಳಗೆ,
ಸಿರನುಶ್ ಅತ್ತೆಯ ಕೆನೆಬಣ್ಣದ ಝಿಗುಲಿ
ಮುಂಗಾಲೊಂದನ್ನು ಎತ್ತಿ ನಿಂತಿತ್ತು
ಲಾಳಕ್ಕೆ ನಿಂತ ಮುದಿಕುದುರೆಯ ಹಾಗೆ.
ಒಳಗೆ ಸ್ಟಿಯರಿಂಗಿನ ಹಿಂದೆ ನಾನು, ಹನ್ನೊಂದು ವರ್ಷ,
ಬೆನ್ನಿಗೆ ಮಡಿಸಿದ ಮೈದಾಚೀಲ,
ಪೆಡಲ್ಲಿಗೆ ಹೆಬ್ಬೆರಳು ಅಂತೂ ಎಟುಕಿತ್ತು.

ಹಿಂದಿನ ವಾರ ಸನಹಿನ್ ಇಳಿಜಾರಿನಲ್ಲಿ
ಇದೇ ಪೆಡಲ್ಲು ಕಲಸಿದ ಹಿಟ್ಟಿಗೆ ಬೆರಳಿಟ್ಟ ಹಾಗೆ
ಮೆತ್ತಗೆ ಕೆಳಗಿಳಿದು ಹೋಗಿತ್ತಂತೆ.
ಹಿಂದಿನ ಸೀಟಿನಲ್ಲಿ ನಲವತ್ತು ಗಾತಾ, ಹಬೆಯಾಡುತ್ತಾ.
ಎದುರಿಗೆ ದೆಬೆದ್ ಕಣಿವೆ, ಬಾಯಿ ತೆರೆದು.
ಹ್ಯಾಂಡ್‌ಬ್ರೇಕು ಎಳೆದು, ಯಾರದೋ ಬೇಲಿಗೆ ಒರಗಿಸಿ,
ಇಳಿದು, ಅತ್ತೆ ಮೊದಲು
ಗಾತಾ ಎಣಿಸಿದಳಂತೆ.

ಮಾನ್ವೆಲ್ ಚಕ್ರ ಕಳಚಿ ಒಳಮೈ ಸವರಿದ. ಒದ್ದೆ.
ಬೆರಳು ಮೂಸಿದ. ಇನ್ನೊಮ್ಮೆ ಮೂಸಿದ.
"ಸೂ… ಸೂ… ಸೂರ್ಯಕಾಂತಿ?"

ಬ್ರೇಕ್ ಆಯಿಲ್ ಅಂಗಡಿಯಲ್ಲಿ ಇರಲಿಲ್ಲ,
ಅಡುಗೆಮನೆಯಲ್ಲಿ ಎಣ್ಣೆ ಇತ್ತು,
ಎಣ್ಣೆ ಎಣ್ಣೆಯೇ ತಾನೆ, ಅಂದಳು ಅತ್ತೆ.

ತೊದಲುವವನ ಬಾಯಲ್ಲಿ
ಬೈಗುಳ ಮಾತ್ರ ತೊದಲುವುದಿಲ್ಲ
ಎಂದು ಆ ದಿನ ಕಲಿತೆ.

ಒತ್ತು ಅಂದಾಗ ಒತ್ತಿದೆ. ಮತ್ತೆ ಒತ್ತಿದೆ.
ಕ್ಯಾಲಿಪರಿನ ಒಳಗಿಂದ ಪಿಸ್ಟನ್ನು
ಹಠಮಾರಿ ಹಲ್ಲಿನ ಹಾಗೆ ಸರಿದು ಸರಿದು
ಟಪ್ಪನೆ ಮರದ ತುಂಡಿಗೆ ಬಡಿಯಿತು.
ಸುತ್ತಲಿನ ರಬ್ಬರು ಬಳೆ
ನೆನೆಹಾಕಿದ ಕಡಲೆಯ ಹಾಗೆ ಉಬ್ಬಿತ್ತಂತೆ.
ಒಂದಲ್ಲ, ನಾಲ್ಕೂ ಚಕ್ರದ್ದು,
ಮಾಸ್ಟರ್ ಸಿಲಿಂಡರಿನದೂ.

ಮೂರು ದಿನ ಕಾದೆವು.
ವನಾದ್ಜೋರಿನಿಂದ ಮಿನಿಬಸ್ಸಿನಲ್ಲಿ ರಬ್ಬರು ಬಂತು
ಹಳೇ ಪೇಪರಿನಲ್ಲಿ ಸುತ್ತಿ, ಬ್ರೆಡ್ಡಿಗಿಂತ ಅಗ್ಗ.
ತುಕ್ಕು ಕಚ್ಚಿದ ಪಿಸ್ಟನ್ನುಗಳನ್ನು ಮಾನ್ವೆಲ್
ಸಣ್ಣ ಎಮರಿ ಕಾಗದದಿಂದ ಉಜ್ಜಿ ಉಜ್ಜಿ
ಉಗುರಿನಿಂದ ಗೀರಿ ಪರೀಕ್ಷಿಸುತ್ತಿದ್ದ.
ಉಗುರು ಎಡವಿದರೆ ಮತ್ತೆ ಉಜ್ಜು.
ಒಂದು ಮಾತ್ರ ಕೈಕೊಟ್ಟಿತು;
ತಾಮ್ರದ ಕಾರ್ಖಾನೆ ಹಿಂದೆ ಸತ್ತುಬಿದ್ದಿದ್ದ
ಇನ್ನೊಂದು ಝಿಗುಲಿಯಿಂದ ಅದಕ್ಕೆ ಜೋಡಿ ತಂದ.

ಆಮೇಲೆ ಗಾಳಿ ತೆಗೆಯುವ ಕೆಲಸ.
ಕೊಳವೆಯೊಳಗೆ ಗಾಳಿ ಸಿಕ್ಕಿಕೊಂಡರೆ
ಪೆಡಲ್ಲು ಎಷ್ಟು ಒತ್ತಿದರೂ ಸುಳ್ಳೇ ಹೇಳುತ್ತದೆ.
ಕಾರಿನಡಿಯಿಂದ ಕೂಗಲು ಅವನಿಗೆ ಸುಲಭವಲ್ಲ,
ಸ್ಪ್ಯಾನರಿನಿಂದ ಬಡಿಯುತ್ತೇನೆ ಅಂದ:
ಒಂದು ಬಡಿತ, ಒತ್ತು.
ಎರಡು, ಹಿಡಿ.
ಮೂರು ಬಡಿಯುವವರೆಗೆ ಬಿಡಬೇಡ,
ಜೀ… ಜೀವ ಹೋದರೂ.

ಎಲ್ಲಕ್ಕಿಂತ ದೂರದ ಚಕ್ರದಿಂದ ಶುರು.
ಟಣ್.
ಟಣ್ ಟಣ್.
ಜಲ್ದಾರು ಜ್ಯಾಮಿನ ಖಾಲಿ ಬಾಟಲಿಯಲ್ಲಿ
ಬುಳುಬುಳು ಅನ್ನುವ ಸದ್ದು.
ಕಾಲಡಿಯಲ್ಲಿ ಪೆಡಲ್ಲು ಕುಸಿಯುತ್ತಿತ್ತು,
ಕುಸಿದಲ್ಲೇ ಹಿಡಿದಿದ್ದೆ.
ಟಣ್ ಟಣ್ ಟಣ್.

ಮೊದಲು ಹಿಟ್ಟು. ಆಮೇಲೆ ಜೇಡಿ.
ನಾಲ್ಕನೇ ಚಕ್ರಕ್ಕೆ ಬರುವಷ್ಟರಲ್ಲಿ ತೊಡೆ ನಡುಗಿ,
ಮರದ ಹಣ್ಣು ಗಾಜಿನ ಮೇಲೆ ಬಿದ್ದು ನೇರಳೆಯಾಗಿ,
ಯಾರೂ ಹೇಳದೆ ನನಗೆ ತಿಳಿಯಿತು
ಅಂಗಾಲಿನಡಿ ಈಗ ಇರುವುದು
ಮೂಳೆ ಎಂದು.

ಹಣ್ಣಿನ ಕಲೆ ನೀರಿಗೆ ಹೋಯಿತು.
ಮುಂಬದಿಯ ತಗಡಿನ ಮೇಲೆ ಬಿದ್ದ ಬ್ರೇಕ್ ಆಯಿಲ್ಲಿನ ಒಂದು ಹನಿ
ಬಣ್ಣ ತಿಂದು, ಕಾಸಗಲ, ಹಾಗೇ ಉಳಿಯಿತು.

ಸಂಜೆ ಅದೇ ಇಳಿಜಾರು.
ಅತ್ತೆ ಡ್ರೈವಿಂಗಿನಲ್ಲಿ, ಮಾನ್ವೆಲ್ ಪಕ್ಕದಲ್ಲಿ,
ನಾನು ಹಿಂದೆ, ಗಾತಾಗಳ ಜಾಗದಲ್ಲಿ.
ತಿರುವಿನಲ್ಲಿ ಕಣಿವೆ ಗಾಜಿನ ತುಂಬ ಬಂದಾಗ
ಅವನು ಬಾಯಿ ತೆರೆದ, ಮಾತು ಬರಲಿಲ್ಲ,
ಬೆರಳ ಗೆಣ್ಣಿನಿಂದ ಡ್ಯಾಶ್‌ಬೋರ್ಡಿಗೆ ಬಡಿದ:
ಎರಡು ಸಲ.

ಕಾರು ನಿಂತಿತು, ಬೇಲಿಗೆ ಎರಡು ಮಾರು ಮೊದಲೇ.
ಅತ್ತೆ ನಕ್ಕಳು. ಅವನು ಸಿಗರೇಟು ಹುಡುಕಿದ.
ಇಬ್ಬರೂ ಇಳಿದು ಚಕ್ರ ನೋಡಲು ಹೋದರು.

ನಾನು ಮಾತ್ರ ಹಿಂದಿನ ಸೀಟಿನಲ್ಲಿ
ಬರಿ ನೆಲವನ್ನು ಬಲಗಾಲಿನಿಂದ ಒತ್ತಿಹಿಡಿದು
ಮೂರು ಬಡಿತಕ್ಕೆ ಕಾಯುತ್ತಿದ್ದೆ.